ವಸ್ತಿ ಬಸ್ಸೂ ನಿರ್ಮಲಾಳ ಆ್ಯಪೂ

ದಾಂಡೇಲಿಯ ನಿರ್ಮಲಾ ಬಲು ಶಾಂತ ಹುಡುಗಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳಿಗೆ ಸಿಟ್ಟು ಬರುತ್ತದೆ, ಬರಲೇಬೇಕು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೊಬೈಲನ್ನು ಎಂದೋ ಕಾಳಿ ನದಿಗೆ ಎಸೆದಿರುತ್ತಿದ್ದೆ.

ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಕಾರ್ಖಾನೆ ಸೇರಿದವರು. ಮಗಳು ಬಿಸಿಎ ಮುಗಿಸಿ ಊರಲ್ಲೇ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾಳೆ. ಜೋಯಿಡಾ ಕಡೆಯ ಬಸ್ಸಿಗೆ ಕಾದು ಕಾದು ಬೇಸತ್ತು, ಇಬ್ಬರು ಗೆಳತಿಯರನ್ನು ಕೂಡಿಸಿಕೊಂಡು ಬಸ್ಸಿನ ವೇಳೆ ತಿಳಿಸುವ ಆ್ಯಪ್ ಮಾಡಿದಳು. ಪುಕ್ಕಟೆ, ಜಾಹೀರಾತೂ ಇಲ್ಲ. ಯಾರು ಬೇಕಾದರೂ ತಪ್ಪು ತಿದ್ದಬಹುದು. ಬಸ್ಸು ಬಾರದಿದ್ದರೆ ಒತ್ತಲು ‘ಬಂದಿಲ್ಲ’ ಎಂಬ ಕೆಂಪು ಬಟನ್ ಕೂಡ ಇತ್ತು. ಮಂದಿ ಮುಗಿಬಿದ್ದು ಆ್ಯಪ್ ಇಳಿಸಿಕೊಂಡರು. ಆ ಬಟನ್ ಮಾತ್ರ ಒಬ್ಬರೂ ಒತ್ತಲಿಲ್ಲ. ‘ದಂಡದ ಆ್ಯಪ್’ ಎಂದು ಬರೆಯಲು ಎಲ್ಲರಿಗೂ ಪುರುಸೊತ್ತಿತ್ತು. ಬೈಸಿಕೊಂಡು ಸಾಕಾಗಿ ಗೆಳತಿಯರು ಕೈಬಿಟ್ಟರು. ತಾನೂ ಮುಚ್ಚಿಬಿಡಲೇ ಎಂದು ನಿರ್ಮಲಾ ದಿನಾ ಯೋಚಿಸುತ್ತಿದ್ದಳು.

ಅಂಥದ್ದರಲ್ಲಿ ಒಂದು ದಿನ ಮಧ್ಯಾಹ್ನದ ಬಸ್ಸಿಗೆ ಅಪ್ಪನ ಗೆಳೆಯ ದುರ್ಗಪ್ಪ ಹೆಂಡತಿ ಗೋದುಬಾಯಿಯೊಂದಿಗೆ ಬಂದು ಬಾಗಿಲಲ್ಲೇ ಕೂಗಾಡಿದರು. ಜೋಯಿಡಾ ಕಡೆಯ ಕುಂಬಾರವಾಡದಲ್ಲಿ ಅವರದು ಚಹಾದಂಗಡಿ.

“ಎಂಥಾ ಆ್ಯಪ್ ಮಾಡಿಯವಾ ಇದು? ಮುಂಜಾನಿ ಬಸ್ ಐತಿ ಅಂತ ತೋರಿಸ್ತು. ನಿಮ್ಮ ಕಾಕಿನ್ನ ಕಣ್ಣಿನ ಆಪರೇಶನ್ನಿಗೆ ಕರಕೊಂಡು ನಿಂತೇ ನಿಂತೆ. ಬಸ್ ಬರಲಿಲ್ಲ, ಆಪರೇಶನ್ ತಪ್ಪಿತು!”

ನಿರ್ಮಲಾಳಿಗೆ ಮೊದಲು ಅಯ್ಯೋ ಅನ್ನಿಸಿತು. ಆಮೇಲೆ ತಲೆ ಓಡಿತು. ಆ ಊರಿನ ಮುಂಜಾನೆಯ ಬಸ್ಸೆಂದರೆ ವಸ್ತಿ ಬಸ್ಸು. ರಾತ್ರಿ ಬಂದು ಅಲ್ಲೇ ತಂಗಿ, ಬೆಳಿಗ್ಗೆ ಹೊರಡುತ್ತದೆ.

“ಕಾಕಾ, ಅದು ನಿಲ್ಲೂದು ನಿಮ್ಮಂಗಡಿ ಮುಂದ. ಡ್ರೈವರ್ ಕುಡಿಯೂದು ನಿಮ್ಮ ಕೈ ಚಹಾ. ನಿನ್ನೆ ರಾತ್ರಿ ಬಂದಿತ್ತೇನ್ರಿ?”

“ಎಲ್ಲಿ ಬಂತು? ಬರಲಿಲ್ಲ.”

“ಮತ್ತ ಮುಂಜಾನಿ ಎಲ್ಲಿಂದ ಹೊರಡಬೇಕ್ರಿ ಅದು?”

“ಮೊಬೈಲಿನಾಗ ಐತಿ ಅಂತ ಇತ್ತಲ್ಲ! ಬ್ಯಾರೆ ಬಸ್ ಕಳಸ್ತಾರ ಅನಕೊಂಡೆ.”

ನಿರ್ಮಲಾಳ ಮೈಯೆಲ್ಲ ಉರಿದುಹೋಯಿತು. “ಬಂದಿಲ್ಲ ಅಂತ ಬಟನ್ ಯಾಕ ಒತ್ತಲಿಲ್ರಿ?”

“ಅದೇನು ನಮ್ಮ ಕೆಲಸೇನು? ಮಾಡಿದಾಕಿ ನೀನು.”

“ಹೌದ್ರಿ, ಮಾಡಿದಾಕಿ ನಾನು. ಖರೆ ನಿಮ್ಮ ಊರಿಗೆ ಬಸ್ ಬಂತೋ ಇಲ್ಲೋ ಅಂತ ದಾಂಡೇಲ್ಯಾಗ ಮಲಗಿ ನಾ ಕನಸು ಕಾಣಬೇಕೇನ್ರಿ? ನಾ ಯಾರ ಆಳೂ ಅಲ್ಲ. ಈಗರ ಒತ್ತ್ರಿ!”

ದುರ್ಗಪ್ಪ ಮೊಬೈಲ್ ತೆಗೆದರು. ಹೆಬ್ಬೆರಳು ಬಟನ್ನಿನ ತನಕ ಹೋಗಿ ಹಿಂದೆ ಬಂತು.

“ನಾ ಒತ್ತಿದ ಮ್ಯಾಲ ಬಸ್ ಬಂದಬಿಟ್ರ? ಮಂದಿ ನನ್ನ ಮನಿಗೆ ಬಂದು ಬೈತಾರಲ್ಲವಾ.”

ಗೋದುಬಾಯಿ ಗಂಡನ ಕಡೆ ತಿರುಗಿದರು. “ನೀವು ಈಗ ಇಲ್ಲಿ ಮಾಡಾಕತ್ತಿದ್ದು ಏನ್ರಿ ಮತ್ತ?”

ನಿರ್ಮಲಾ ಗೋದುಬಾಯಿಯ ಕೈ ಹಿಡಿದಳು. “ಕಾಕಿ, ನೀವು ಒಳಗ ಬರ್ರಿ. ಕಾಕಾ ಬಟನ್ ಒತ್ತಿ ಬರ್ತಾರ.”