ಸಂಡಿಗೆಯ ಪಕ್ಕ ಇಟ್ಟ ಕಾಗದ

ಆಗ ನನಗೆ ಅರವತ್ತೆಂಟು, ಮೂರು ವರ್ಷದ ಹಿಂದಿನ ಮಾತು. ಪಕ್ಕದ ಮನೆಯ ಏಳನೇ ಕ್ಲಾಸಿನ ಸುಜಾತ ನಮ್ಮ ಮಾಳಿಗೆ ಹತ್ತಿ, ನಾನು ಒಣಹಾಕಿದ್ದ ಸಂಡಿಗೆಯ ಪಕ್ಕ ಎಣ್ಣೆ ಸವರಿದ ಬಿಳಿ ಕಾಗದ ಇಟ್ಟಳು. ಸಂಡಿಗೆ ಮಾರಿಯೇ ಬದುಕುವವಳು ನಾನು, ಸಿಟ್ಟು ಬಂತು.

“ಏನೇ ಇದು? ಪುಸ್ತಕ ಇಟ್ಕಂಡು ಬಾಯಿಪಾಠ ಮಾಡೋಗು.”

“ಈಗ ವಿಜ್ಞಾನಕ್ಕೆ ಬಾಯಿಪಾಠ ಇಲ್ಲಜ್ಜಿ. ಸೈನೈಡ್ ದಿಬ್ಬದ ದೂಳು ಎಷ್ಟು ಬೀಳ್ತೈತೆ ಅಂತ ನಾವೇ ನೋಡಿ ಬರೀಬೇಕು ಅಂತ ಮೇಷ್ಟ್ರು ಏಳವ್ರೆ.”

ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಗಣಿಯ ಮಣ್ಣು ಸುರಿದ ಆ ದಿಬ್ಬವನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಗಾಳಿ ಎದ್ದರೆ ಕಣ್ಣು ಮುಚ್ಚಿಕೊಳ್ಳುತ್ತೇವೆ, ಅಷ್ಟೇ. ಸಂಜೆ ಅವಳು ಎತ್ತಿದಾಗ ಕಾಗದ ಬೂದಿ ಬಣ್ಣಕ್ಕೆ ತಿರುಗಿತ್ತು. ಹುಡುಗಿ ಅದನ್ನು ನೋಡಿದಳು, ಆಮೇಲೆ ನನ್ನ ಸಂಡಿಗೆ ನೋಡಿದಳು.

“ಇದ್ರ ಮ್ಯಾಲೂ ಅಷ್ಟೇ ಬಿದ್ದಿರ್ತೈತಲ್ವೇನಜ್ಜಿ?”

ಇಷ್ಟು ವರ್ಷ ನನಗೆ ಹೊಳೆಯದಿದ್ದ ಮಾತು ಅದು. ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ರಾಬರ್ಟ್‌ಸನ್‌ಪೇಟೆಗೆ ಹೋದೆ. ಅಂಗಡಿಗೆ ಹಾಕಿದ್ದ ಸಂಡಿಗೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ವಾಪಸ್ ತಂದು, ಹಿತ್ತಲಲ್ಲಿ ಗುಂಡಿ ತೋಡಿ ಹೂತೆ.