ಬೆಟ್ಟ ಮುಚ್ಚಿದ ಬೇಸಿಗೆ

ನನ್ನ ತಂಗಿಯ ಗಂಡ ನೊರ್ಬೇರ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವನನ್ನು ಬೈಯುವುದೇ ಹೆಚ್ಚು.

ಎಕ್ಸ್ ಪಟ್ಟಣದಲ್ಲಿ ಮೂವತ್ತೆಂಟು ವರ್ಷ ನಲ್ಲಿ ರಿಪೇರಿ ಮಾಡಿದವನು. ಬೇಸಿಗೆ ಬಂತೆಂದರೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಸೇಂತ್ ವಿಕ್ತ್ವಾರ್ ಬೆಟ್ಟದ ಬುಡದಲ್ಲಿ ನಿಲ್ಲುತ್ತಿದ್ದ. ಸಂಬಳವಿಲ್ಲದ ಕೆಲಸ. ಕಾಡು ಒಣಗಿ ಗಾಳಿ ಎದ್ದ ದಿನ ಒಂದು ಕಿಡಿ ಬಿದ್ದರೂ ಸಾಕು, ಬೆಟ್ಟ ಉಳಿಯುವುದಿಲ್ಲ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಪ್ರತಿ ಸಂಜೆ ಮರುದಿನದ ಹುಕುಂ ಹೊರಡುತ್ತದೆ: ಬೆಟ್ಟ ತೆರೆದಿದೆ, ಇಲ್ಲವೇ ಮುಚ್ಚಿದೆ. ಮುಚ್ಚಿದ ದಿನ ಬಂದವರನ್ನು ವಾಪಸು ಕಳಿಸುವುದು, ತೆರೆದ ದಿನ ಎಲ್ಲಾದರೂ ಹೊಗೆ ಏಳುತ್ತದೆಯೇ ಎಂದು ಕಾಯುವುದು ಕಿತ್ತಳೆ ಅಂಗಿಯವರ ಪಾಲು. ಹಿಂದೆ ಬೆಟ್ಟ ಉರಿದದ್ದನ್ನು ನೊರ್ಬೇರ್ ಕಣ್ಣಾರೆ ಕಂಡಿದ್ದ. ಆಮೇಲೆ ವಾರಗಟ್ಟಲೆ ಅವನಿಗೆ ಊಟ ಸೇರಲಿಲ್ಲ.

ಎಲ್ಲರಿಗೂ ಅವನದು ಒಂದೇ ಮಾತು: “ಬೆಟ್ಟ ಎಲ್ಲೂ ಓಡಿಹೋಗಲ್ಲ. ಅಕ್ಟೋಬರ್‌ಗೆ ಬನ್ನಿ.”

ಮದುವೆಯ ಬಟ್ಟೆಯಲ್ಲೇ ಫೋಟೋ ತೆಗೆಸಿಕೊಳ್ಳಲು ಬಂದ ಜೋಡಿಗೂ ಅದೇ ಮಾತು, ಇಪ್ಪತ್ತು ಮಕ್ಕಳನ್ನು ಕಟ್ಟಿಕೊಂಡು ಬಂದ ಪಾದ್ರಿಗೂ ಅದೇ. ನನ್ನ ಗಂಡ ತೀರಿಹೋದ ವರ್ಷ ಅವನ ಟೋಪಿಯನ್ನು ಶಿಖರದ ಶಿಲುಬೆಯ ಬುಡದಲ್ಲಿಟ್ಟು ಬರೋಣ ಅಂತ ಆಗಸ್ಟ್‌ನಲ್ಲಿ ಹೋಗಿದ್ದೆ. ಹೆಂಡತಿಯ ಸ್ವಂತ ಅಕ್ಕ ಅಂತಲೂ ನೊರ್ಬೇರ್ ನೋಡಲಿಲ್ಲ. “ಬೆಟ್ಟ ಎಲ್ಲೂ ಓಡಿಹೋಗಲ್ಲ ಜಿನೆತ್” ಅಂದ. ಟೋಪಿ ಹಿಡಿದುಕೊಂಡು ಬಸ್ಸಿನಲ್ಲಿ ವಾಪಸು ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಈ ಬೇಸಿಗೆ ಸರದಿ ಅವನ ಮನೆಗೇ ಬಂತು.

ನನ್ನ ತಂಗಿ ಆರ್ಲೆತ್ ಹೊಲಿಗೆಯವಳು. ಫೆಬ್ರವರಿಯಲ್ಲಿ ಅವಳು ಹೊಲಿದುಕೊಟ್ಟ ಕೋಟಿನ ಗುಂಡಿಗಳೆಲ್ಲ ಅರ್ಧ ಬೆರಳು ಆಚೀಚೆ ಆಗಿದ್ದವು. ಡಾಕ್ಟರು ಕಣ್ಣು ನೋಡಿ ಮುಚ್ಚುಮರೆ ಮಾಡಲಿಲ್ಲ: ನೋಟದ ನಡುಭಾಗ ಸಾಯುತ್ತಿದೆ, ಅಂಚು ಮಾತ್ರ ಉಳಿಯುತ್ತದೆ, ಬೇಸಿಗೆ ಕಳೆಯುವಷ್ಟರಲ್ಲಿ ಎದುರಿನವರ ಮುಖ ಗುರುತು ಹತ್ತುವುದಿಲ್ಲ. ಅವಳು ಅಳಲಿಲ್ಲ. ಒಂದೇ ಒಂದು ಆಸೆ ಹೇಳಿಕೊಂಡಳು. ಬೆಟ್ಟದ ಬಡಗಣ ಬುಡದ ವೊವನಾರ್ಗ್ ನಮ್ಮ ತವರು, ತೆಂಕಣ ಬುಡದ ತೊಲೊನೆ ಅವಳು ಸೇರಿದ ಊರು. ಶಿಲುಬೆಯ ಹತ್ತಿರ ನಿಂತರೆ ಎರಡೂ ಕಾಣುತ್ತವೆ. ಒಂದು ಸಲ ಅಲ್ಲಿ ನಿಂತು ಎರಡನ್ನೂ ನೋಡಿಬಿಡಬೇಕು, ಅಷ್ಟೇ.

ಏಪ್ರಿಲ್‌ನಲ್ಲೇ ಹೊರಡಬಹುದಿತ್ತು. ಆದರೆ ಅವಳು ಚರ್ಚಿನ ಮೆಟ್ಟಿಲು ತಪ್ಪಿ ಕಾಲಿನ ಗಂಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ್ದು ಜೂನ್‌ನಲ್ಲಿ. ನೊರ್ಬೇರ್ ಅಡಿಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತ. ಸುಣ್ಣಕಲ್ಲಿನ ಬೆಟ್ಟ, ಮೇಲೆ ಹನಿ ನೀರು ಸಿಗುವುದಿಲ್ಲ, ಆದ್ದರಿಂದ ಒಬ್ಬೊಬ್ಬರಿಗೆ ಮೂರು ಲೀಟರ್. ಜನ ತುಳಿದು ನುಣುಪಾದ ಬಂಡೆಗಳ ಜಾಗಕ್ಕೆಲ್ಲ ಕೆಂಪು ಗುರುತು, ಅಲ್ಲಿ ಅವಳ ಕೈ ಹಿಡಿಯಬೇಕು. ಎಲ್ಲಿ ಕೂರುವುದು, ಎಲ್ಲಿ ಬ್ರೆಡ್ಡು ಚೀಸು ತಿನ್ನುವುದು, ಬಿಸಿಲೇರುವ ಮುಂಚೆ ಎಲ್ಲಿರಬೇಕು, ಎಲ್ಲಾ ಬರೆದಿಟ್ಟ.

ಜುಲೈ ಒಂಬತ್ತಕ್ಕೆ ಕೊನೆಗೂ ಬೆಟ್ಟ ತೆರೆಯಿತು. ಎಲೆ ಅಲ್ಲಾಡದಷ್ಟು ಶಾಂತವಾದ ದಿನ. ಇವನು ಮಾಡಿದ್ದೇನು ಗೊತ್ತೇ? ಕಿತ್ತಳೆ ಅಂಗಿ ಹಾಕಿಕೊಂಡು ಕಾವಲಿಗೆ ಹೊರಟ.

“ಇವತ್ತು ನನ್ನ ಪಾಳಿ” ಅಂದ.

“ಬೇರೆಯವರಿಗೆ ಫೋನ್ ಮಾಡೋ ಮಾರಾಯ! ತೆರೆದಿರೋದೇ ಅಪರೂಪ” ಅಂತ ನಾನು ಕೂಗಾಡಿದೆ.

“ಪಾಳಿ ಅಂದ್ರೆ ಪಾಳಿ. ಇನ್ನೂ ಬೇಸಿಗೆ ಪೂರ್ತಿ ಇದೆ, ಜಿನೆತ್.”

ಆರ್ಲೆತ್ ಬುತ್ತಿಗೆ ಕಟ್ಟಿದ್ದ ಏಪ್ರಿಕಾಟ್‌ಗಳನ್ನು ಬುಟ್ಟಿಗೆ ವಾಪಸು ಹಾಕಿದಳು.

ಮರುದಿನ ಮಿಸ್ತ್ರಾಲ್ ಎದ್ದಿತು, ಬಡಗಣದಿಂದ ಬೀಸುವ ಒಣ ಗಾಳಿ. ಅದು ನಿಂತರೆ ಬಿಸಿಲಿನ ಉರಿ, ಉರಿ ತಗ್ಗಿದರೆ ಮತ್ತೆ ಗಾಳಿ. ಪ್ರತಿ ಸಂಜೆ ನೊರ್ಬೇರ್ ಫೋನ್ ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದ. ಮುಚ್ಚಿದೆ. ಮುಚ್ಚಿದೆ. ಜುಲೈ ಪೂರ್ತಿ ಹೋಯಿತು, ಆಗಸ್ಟ್ ಅರ್ಧ ಹೋಯಿತು. ಆರ್ಲೆತ್ ನನ್ನನ್ನು ದನಿಯಿಂದ ಗುರುತಿಸತೊಡಗಿದಳು. ಏನನ್ನಾದರೂ ನೋಡಬೇಕೆಂದರೆ ಅದರಿಂದ ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಂಚಿಗೆ ತಂದುಕೊಳ್ಳಬೇಕಿತ್ತು. ಕಾಫಿ ಬಟ್ಟಲು ಬೇಕಾದರೆ ಕಿಟಕಿ ನೋಡುವಳು. ನೊರ್ಬೇರ್ ಗಡ್ಡ ಬೋಳಿಸುವುದನ್ನೇ ಬಿಟ್ಟಿದ್ದ.

ಆಗಸ್ಟ್ ಇಪ್ಪತ್ತಮೂರರ ಸಂಜೆ ಅವನು ನಕ್ಷೆಯನ್ನು ಮತ್ತೆ ಹರಡಿದ.

“ನಾಳೆ ಹೋಗೋಣ” ಅಂದ.

“ನಾಳೆ ಮುಚ್ಚಿದೆ” ಅಂದೆ.

“ಗೊತ್ತು.” ದ್ರಾಕ್ಷಿ ತೋಟಗಳ ಹಿಂದಿನ ಒಂದು ಸಣ್ಣ ಗೆರೆಯ ಮೇಲೆ ಬೆರಳಿಟ್ಟ. “ಹಳೇ ಕುರಿ ದಾರಿ. ಬೆಳಿಗ್ಗೆ ಆರಕ್ಕೆ ಹೊರಟ್ರೆ ಯಾರೂ ನೋಡಲ್ಲ. ಬೆಂಕಿಪೊಟ್ಟಣ ಇಲ್ಲ, ಸಿಗರೇಟಿಲ್ಲ, ಮೂರು ಜನ ಮುದುಕರು. ನಮ್ಮಿಂದ ಏನಾಗತ್ತೆ?”

ಕಾವಲು ನಿಂತ ಇಪ್ಪತ್ತಮೂರು ಬೇಸಿಗೆಯೂ ಅವನು ಕಿವಿಗೆ ಹಾಕಿಕೊಳ್ಳದ ಮಾತನ್ನೇ ಈಗ ಅವನು ಆಡುತ್ತಿದ್ದ. ಹೀಯಾಳಿಸಬೇಕು ಅಂತ ಬಾಯಿ ತೆರೆದೆ. ಅವನ ಮುಖ ನೋಡಿ ಬಾಟಲಿಗಳಿಗೆ ನೀರು ತುಂಬಿಸತೊಡಗಿದೆ. ಆರ್ಲೆತ್ ಮಾತ್ರ ಆಗಲೇ ಎದ್ದು ಬೂಟು ಹುಡುಕುತ್ತಿದ್ದಳು, ಹದಿನೆಂಟರ ಹುಡುಗಿಯಾಗಿಬಿಟ್ಟಿದ್ದಳು.

ಬೆಳಿಗ್ಗೆ ತೋಟದ ಕೊನೆಯಲ್ಲಿ ಕಾರು ನಿಲ್ಲಿಸಿ ಇಳಿದೆವು. ಬಿಳಿ ಬಂಡೆಯ ಗೋಡೆ ಆ ಮಸುಕು ಬೆಳಕಿನಲ್ಲೂ ಎದ್ದು ಕಾಣುತ್ತಿತ್ತು. ಆರ್ಲೆತ್‌ಳ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ನೊರ್ಬೇರ್‌ನ ಕೈಯಲ್ಲಿ. ನೂರು ಹೆಜ್ಜೆ ಹಾಕಿರಲಿಲ್ಲ, ತಿರುವಿನಲ್ಲಿ ಒಂದು ಮಡಿಸುವ ಕುರ್ಚಿ, ಕುರ್ಚಿಯ ಮೇಲೆ ಕಿತ್ತಳೆ ಅಂಗಿ. ಅಂಚೆ ಕಚೇರಿಯ ಸಂದ್ರಿನ್. ನೊರ್ಬೇರ್‌ನೇ ತಯಾರು ಮಾಡಿದ ಕಾವಲಿನವಳು.

“ನೀನು ಇಲ್ಲಿ ಹೇಗೆ?” ನೊರ್ಬೇರ್ ಕೇಳಿದ.

“ನೀವೇ ಅಲ್ವಾ ಬರೆದಿದ್ದು?” ಸಂದ್ರಿನ್ ಕಾವಲು ಪಟ್ಟಿ ತೋರಿಸಿದಳು. “‘ಕುರಿ ದಾರಿಯಲ್ಲಿ ಕದ್ದು ಹತ್ತುತ್ತಾರೆ, ಆರು ಗಂಟೆಯಿಂದ ಒಬ್ಬರು ಇರಲೇಬೇಕು.’ ನಿಮ್ಮದೇ ಅಕ್ಷರ. ಹೋದ ವರ್ಷ ಸೇರಿಸಿದ್ರಿ.”

ಅವನು ಮರೆತೇಬಿಟ್ಟಿದ್ದ. ತನ್ನ ಕೈಯಾರೆ ಮುಚ್ಚಿದ್ದ ಕಿಂಡಿಗೇ ಹೆಂಡತಿಯನ್ನು ಕರೆತಂದಿದ್ದ.

“ಸಂದ್ರಿನ್, ಇವಳ ಕಣ್ಣು...” ಅಂದ. “ಇನ್ನೊಂದು ತಿಂಗಳು ಕಾಯಕ್ಕಾಗಲ್ಲ. ಕಾಲಿಗೆ ಬೀಳ್ತೀನಿ.”

ಅವಳಿಗೆ ಎಲ್ಲ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಕಣ್ಣೊರೆಸಿಕೊಂಡು ಎದ್ದು ಕುರ್ಚಿ ಮಡಿಸಿದಳು. “ನೀರಿನ ಬಾಟಲಿ ಗಾಡೀಲಿ ಬಿಟ್ಟು ಬಂದಿದೀನಿ. ತರಕ್ಕೆ ಹೋದ್ರೆ ಹತ್ತು ನಿಮಿಷ ಆಗತ್ತೆ. ಆ ಹತ್ತು ನಿಮಿಷದಲ್ಲಿ ಏನಾಯ್ತು ಅಂತ ನಾನೇನು ನೋಡಿರ್ತೀನಾ?”

ದಾರಿ ಬಿಟ್ಟು ಪಕ್ಕಕ್ಕೆ ನಿಂತಳು. ಹೋಗು ಮಾರಾಯ, ಜೀವನದಲ್ಲಿ ಒಂದೇ ಒಂದು ಸಲ ಹೋಗು!

ನೊರ್ಬೇರ್ ಒಂದು ಹೆಜ್ಜೆ ಇಟ್ಟ. ಆಗ ಗಾಳಿ ಬೀಸಿತು. ಬಡಗಣದ ಒಣ ಗಾಳಿ. ಮೇಲಿನ ಪೈನ್ ಮರಗಳೆಲ್ಲ ಒಂದೇ ಕಡೆಗೆ ಬಾಗಿದವು. ಅವನು ತಲೆಯೆತ್ತಿ ಅವನ್ನೇ ನೋಡುತ್ತ ನಿಂತ.

“ಕುರ್ಚಿ ಹಾಕ್ಕೊಂಡು ಕೂತ್ಕೋ ಸಂದ್ರಿನ್” ಅಂದ. “ಇವತ್ತು ಯಾರನ್ನೂ ಬಿಡಬೇಡ.”

ನಾನು ಬಾಯಿಗೆ ಬಂದಂತೆ ಬೈದೆ. ಹಠಮಾರಿ ಅಂದೆ, ಕಲ್ಲು ಅಂದೆ, ಇನ್ನೂ ಏನೇನೋ ಅಂದೆ. ಅವನು ಹೆಂಡತಿಯ ಎದುರು ನಿಂತು ಸೊಂಟದ ಹಗ್ಗ ಬಿಚ್ಚತೊಡಗಿದ. ಅದು ಗಂಟಾಗಿತ್ತು, ಬೆರಳು ಓಡಲಿಲ್ಲ.

“ಬೆಟ್ಟ ಎಲ್ಲೂ ಓಡಿಹೋಗಲ್ಲ ನೊರ್ಬೇರ್” ಅಂದಳು ಆರ್ಲೆತ್. “ನಂಗೊತ್ತು. ಹೋಗ್ತಿರೋದು ನಾನು.”

ಅವನು ಅಲ್ಲೇ ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ಅದುವರೆಗೆ ಕಂಡವಳಲ್ಲ.

“ಜುಲೈ ಒಂಬತ್ತು” ಅಂದ. “ಜುಲೈ ಒಂಬತ್ತಕ್ಕೆ ಹೋಗಬಹುದಿತ್ತು. ನಾನು ಹಾಳು ಮಾಡಿದೆ.”

ಆರ್ಲೆತ್ ಅವನಿಂದ ಮುಖ ತಿರುಗಿಸಿದಳು. ಅವನ ಕೈ ಹಗ್ಗದಿಂದ ಜಾರಿತು.

“ನೋಡ್ಬೇಡ ನನ್ನನ್ನ” ಅಂದ. “ಕೋಪ ಮಾಡ್ಕೊ. ನಿಂಗೆ ಆ ಹಕ್ಕಿದೆ.”

“ಕೋಪ ಆಮೇಲೆ” ಅಂದಳು ಅವಳು, ಮುಖವನ್ನು ದ್ರಾಕ್ಷಿ ತೋಟದ ಕಡೆಗೇ ಇಟ್ಟುಕೊಂಡು. “ಕಣ್ಣೊರೆಸಿಕೊಂಡು ಸ್ವಲ್ಪ ಬಲಕ್ಕೆ ಬಂದು ನಿಲ್ಲು. ಅಲ್ಲಾಡಬೇಡ. ಕಣ್ಣಂಚಲ್ಲಿ ನಿನ್ನ ಮುಖ ಇನ್ನೂ ಸಿಗ್ತಿದೆ.”

ಅವನು ಕಣ್ಣೊರೆಸಿಕೊಂಡ. ಬಲಕ್ಕೆ ಸರಿದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಆ ಗಾಳಿಯಲ್ಲಿ ಅವಳು ಸಾಕು ಅನ್ನುವವರೆಗೆ ಅಲ್ಲಾಡದೆ ನಿಂತ.