ಅಂಗಳದ ಗೂಟಕ್ಕೆ ಮುತ್ಯಾನ ರುಮಾಲು

ಇವತ್ತು ಜೇವರ್ಗಿ ಬಸ್ ನಿಲ್ದಾಣದಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು ಬೀಡಿ ಸೇದಿ, ತುಂಡನ್ನು ಚಪ್ಪಲಿಯಡಿ ಹೊಸಕಿ, ಸೊಸೆಯ ಕಂಕುಳಲ್ಲಿದ್ದ ಮೊಮ್ಮಗುವಿಗೆ ಕೈ ಚಾಚಿದರು. ಆ ವಾಸನೆಗೆ ನಾನು ಮನಸ್ಸಿನಲ್ಲೇ ಸೊನ್ನದ ಹತ್ತಿರದ ನಮ್ಮೂರಿನ ಹಳೆಯ ಅಂಗಳದಲ್ಲಿದ್ದೆ.

ಮುತ್ಯಾ, ಅಂದರೆ ನಮ್ಮಜ್ಜ, ರುಮಾಲಿಲ್ಲದೆ ಯಾರೆದುರೂ ಕೂತವನಲ್ಲ. ತಮ್ಮ ಹುಟ್ಟಿದಾಗ, ಬೀಡಿ ಸೇದಿ ಬಂದ ಮುತ್ಯಾನನ್ನು ಅಜ್ಜಿ, ನಮ್ಮ ಆಯಿ, ಹೊಸ್ತಿಲಲ್ಲೇ ತಡೆದಳು.

“ಹೊರಗೇ ಸೇದಿ ಬಂದೇನಲ್ಲ!”

“ಹೊಗಿ ರುಮಾಲದಾಗ ಕುಂತು ಒಳಗ ಬರಾಕತ್ತದ. ಬಿಚ್ಚಿ ಗೂಟಕ್ಕ ಹಾಕ್ರಿ, ಮೀಸಿ ತೊಳೀರಿ.”

ಮುತ್ಯಾ ಗೊಣಗುತ್ತಲೇ ಬರಿದಲೆಯಲ್ಲಿ ಒಳಗೆ ಬಂದ. ಸ್ವಲ್ಪ ಹೊತ್ತಿಗೆ ಆಯಿ ಕೂಸಿಗೆ ನೀರೆರೆದು, ರೂಢಿಯಂತೆ ಲೋಬಾನದ ಹೊಗೆಗೆ ಹಿಡಿದಳು. ಕೂಸು ಕೆಮ್ಮಿತು.

“ಅದು ಹೊಗಿ ಅಲ್ಲೇನು?” ಎಂದ ಮುತ್ಯಾ.

ಆಯಿ ಕೂಸನ್ನು ಅವನ ತೊಡೆಯ ಮೇಲಿಟ್ಟು, ಹೊಗೆಯಾಡುವ ಕೆಂಡದ ಸಿಗಡಿಯನ್ನು ಒಯ್ದು ಗೂಟದ ಕೆಳಗಿಟ್ಟು ಬಂದಳು. ಮುಂದೆ ರುಮಾಲು, ಸಿಗಡಿ ಎರಡೂ ಅಂಗಳದಲ್ಲೇ ಉಳಿದವು. ತಮ್ಮನೋ ಮುತ್ಯಾನ ಬಿಳಿಗೂದಲು ಜಗ್ಗುತ್ತ ಬೆಳೆದ.

ನಾನು ತಡೆಯಲಾರದೆ ಬಸ್ ನಿಲ್ದಾಣದ ಆ ಹಿರಿಯರಿಗೆ ಹೇಳಿಬಿಟ್ಟೆ: “ಮುತ್ಯಾ, ಮೊದಲ ರುಮಾಲ ತೆಗೀರಿ. ಹೊಗಿ ಅದರಾಗ ಕುಂತಿರ್ತದ.”

ಅವರು ನನ್ನನ್ನು ಕೆಕ್ಕರಿಸಿ ನೋಡಿದರು. ಸೊಸೆ ಮಾತ್ರ ನಗು ನುಂಗಿಕೊಂಡು ನೀರಿನ ಬಾಟ್ಲಿ ಮುಂದೆ ಹಿಡಿದಳು:

“ಮೀಸಿನೂ ತೊಳ್ಕೋರಿ, ಮಾವಾ.”